ಏಳು ಕಿಲೋ ಸೀಸ ಯಾರಿಗೆ ಬೇಕು?

ಪ್ರಶ್ನೆ: ಅಕ್ಕಾ, ಕಳೆದ ವರ್ಷ ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ ಫ್ರೀಡೈವಿಂಗ್ (ಸಿಲಿಂಡರ್ ಇಲ್ಲದೆ ಒಂದೇ ಉಸಿರಲ್ಲಿ ಮುಳುಗುವುದು) ಕೋರ್ಸ್ ಮಾಡಿದೆ. ಆಗ ತೆಳು ಸೂಟ್, ಅದು ತೇಲಿಸದ ಹಾಗೆ ಸೊಂಟದ ಬೆಲ್ಟಿಗೆ 1 ಕಿಲೋ ಸೀಸ ಸಾಕಾಗಿತ್ತು. ಬರುವ ಜನವರಿಯಲ್ಲಿ ಈಜಿಪ್ಟಿನ ಕೆಂಪು ಸಮುದ್ರದ ದಂಡೆಯ ದಹಬ್‌ಗೆ ಹೊರಟಿದ್ದೇನೆ. 5 ಮಿ.ಮೀ. ದಪ್ಪದ, ಎರಡು ತುಂಡಿನ ಹೊಸ ವೆಟ್‌ಸೂಟ್ ತಗೊಂಡಿದ್ದೇನೆ. ನನ್ನ ತೂಕ 72 ಕಿಲೋ, ಇಳಿಯುವುದು 18 ಮೀಟರ್. ಮೈತೂಕದ ಶೇ. 10ರಷ್ಟು ಸೀಸ ಕಟ್ಟಿಕೋ ಅಂತಾನೆ ಸ್ಕೂಬಾ ಮಾಡುವ ಗೆಳೆಯ. ಅಂದ್ರೆ 7 ಕಿಲೋ. ಸರಿನಾ?
– ಬೆಂಗಳೂರಿನ ಓದುಗ

ಬೇಡ ಮಾರಾಯ್ರೆ. ನಿಮ್ಮ ಗೆಳೆಯನ ಲೆಕ್ಕ ಅವನ ಆಟಕ್ಕೆ ಇರಬಹುದು, ನಮ್ಮದಕ್ಕಲ್ಲ. ಸ್ಕೂಬಾದವರು ಡೈವ್ ಮುಗಿಸುವಾಗ ಸಿಲಿಂಡರ್ ಹೆಚ್ಚುಕಡಿಮೆ ಖಾಲಿಯಾಗಿ ಹಗುರವಾಗಿರುತ್ತೆ. ಆ ಹೊತ್ತಲ್ಲೂ 5 ಮೀಟರ್‌ನಲ್ಲಿ ತೇಲಿಹೋಗದೆ ನಿಲ್ಲಬೇಕು. ಅದಕ್ಕೇ ಅವರಿಗೆ ಸೀಸ ಜಾಸ್ತಿ. ಭಾರ ಅನ್ನಿಸಿದರೆ ಜಾಕೆಟ್‌ಗೆ ಗಾಳಿ ತುಂಬಿಕೊಳ್ಳುತ್ತಾರೆ. ನಮ್ಮ ಹತ್ತಿರ ಇರುವುದು ಎರಡು ಕಾಲು, ಒಂದೇ ಉಸಿರು.

ಚಿಕ್ಕವಳಿದ್ದಾಗ ಕುಂದಾಪುರದ ಕಡೆ ನಮ್ಮೂರ ಕೆರೆಯಲ್ಲಿ ಕಲ್ಲು ಹಿಡಿದು ಮುಳುಗುತ್ತಿದ್ದೆವು. ತಳ ಮುಟ್ಟಿದ ಮೇಲೆ ಕಲ್ಲು ಅಲ್ಲೇ ಬಿಟ್ಟು, ಒಂದು ಹಿಡಿ ಕೆಸರು ಸಾಕ್ಷಿಗೆ ತಗೊಂಡು ಮೇಲೆ ಬರೋದು. ಮನ್ನಾರ್ ಕೊಲ್ಲಿಯ ಮುತ್ತಿನ ಮುಳುಗುಗಾರರೂ ಹಿಂದೆ ಹೀಗೇ ಮಾಡುತ್ತಿದ್ದರು. ಹಗ್ಗ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಇಳಿಯುತ್ತಿದ್ದರು, ಕಲ್ಲನ್ನು ದೋಣಿಯಲ್ಲಿದ್ದವರು ಎಳೆದುಕೊಳ್ಳುತ್ತಿದ್ದರು. ನಿಮ್ಮ ಸೊಂಟದ ಸೀಸ ಹಾಗಲ್ಲ, ಕೆಳಗೆ ಒಯ್ದದ್ದನ್ನು ವಾಪಸ್ ಹೊತ್ತುಕೊಂಡೇ ಬರಬೇಕು. ಇಳಿಯುವಾಗ ಸಾಲ ಸಿಕ್ಕ ಖುಷಿ, ಹತ್ತುವಾಗ ಬಡ್ಡಿ.

ಈ ಬಡ್ಡಿ ನಾನು ಕಟ್ಟಿದ್ದೇನೆ. ಮೊದಲ ಸಲ 5 ಮಿ.ಮೀ. ಸೂಟ್ ಹಾಕಿದ ದಿನ ಒಂದು ಡೈವ್ ಅಂಗಡಿಯಲ್ಲಿ ನನ್ನನ್ನು ಮೇಲಿಂದ ಕೆಳಗೆ ನೋಡಿ 7 ಕಿಲೋ ಬೆಲ್ಟ್ ಕೈಗೆ ಕೊಟ್ಟರು. ನಾನೂ ಬಾಯಿಬಿಡದೆ ಕಟ್ಟಿಕೊಂಡೆ. ಇಳಿದದ್ದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. 16 ಮೀಟರ್‌ನಲ್ಲಿ ತಿರುಗಿ ಕಾಲು ಬಡಿಯಲು ಶುರು ಮಾಡಿದೆ. ನೀರಿನೊಳಗೆ ಇಳಿಬಿಟ್ಟ ಹಗ್ಗಕ್ಕೆ ಸುತ್ತಿದ್ದ ಕೆಂಪು ಟೇಪು ಕಣ್ಣೆದುರೇ ಇದೆ. ನಾಲ್ಕು ಸಲ ಬಡಿದೆ, ಟೇಪು ಅಲ್ಲೇ ಇದೆ! ಕೊನೆಗೆ ಫಿನ್ಸ್ (ಕಾಲಿನ ಈಜುರೆಕ್ಕೆ) ಬಡಿಯುವುದು ಬಿಟ್ಟು ಹಗ್ಗವನ್ನೇ ಹಿಡಿದು ಬಾವಿಯಿಂದ ಕೊಡಪಾನ ಎಳೆದಂತೆ ನನ್ನನ್ನೇ ಎಳೆದುಕೊಂಡು ಬಂದೆ. ಮೇಲೆ ಬಂದಾಗ ತುಟಿ ನೀಲಿಯಾಗಿತ್ತಂತೆ. ಜೊತೆಯಲ್ಲಿದ್ದವಳು ಗಲ್ಲ ಹಿಡಿದು "ಉಸಿರಾಡು, ಉಸಿರಾಡು" ಅಂತ ಕೂಗಿದ್ದು ಮಾತ್ರ ನೆನಪಿದೆ.

ಟೇಪು ಯಾಕೆ ಕದಲಲಿಲ್ಲ ಅಂತ ಹೇಳುತ್ತೇನೆ. ವೆಟ್‌ಸೂಟ್‌ನ ರಬ್ಬರ್ ತುಂಬ ಸಣ್ಣ ಸಣ್ಣ ಗಾಳಿಗುಳ್ಳೆಗಳಿವೆ. ಚಳಿ ತಡೆಯುವುದೂ ಅವೇ, ತೇಲಿಸುವುದೂ ಅವೇ. 10 ಮೀಟರ್‌ನಲ್ಲಿ ಒತ್ತಡ ಎರಡರಷ್ಟಾಗುತ್ತೆ. ಗುಳ್ಳೆಗಳು ಹತ್ತಿರಹತ್ತಿರ ಅರ್ಧಕ್ಕೆ ಕುಗ್ಗುತ್ತವೆ. ಮೇಲೆ 6 ಲೀಟರ್ ಇದ್ದ ಎದೆಯ ಗಾಳಿ ಅಲ್ಲಿ 3 ಲೀಟರ್, 18 ಮೀಟರ್‌ನಲ್ಲಿ 2 ಲೀಟರ್ ಚಿಲ್ಲರೆ. ಸೀಸ ಮಾತ್ರ ಕುಗ್ಗಲ್ಲ. ಮೇಲೆ "ಆಹಾ, ಹದವಾಗಿದೆ" ಅನ್ನಿಸಿದ ಬೆಲ್ಟ್ ಕೆಳಗೆ ಕಾಲಿಗೆ ಕಟ್ಟಿದ ಗುಂಡುಕಲ್ಲು. ಸೂಟ್ ದಪ್ಪವಿದ್ದಷ್ಟೂ ಈ ವ್ಯತ್ಯಾಸ ಜಾಸ್ತಿ.

ಇನ್ನು ನಿಮ್ಮ ಲೆಕ್ಕ. ನಿಮ್ಮ ಆಳಕ್ಕೆ ಸುಮಾರು 10 ಮೀಟರ್‌ನಲ್ಲಿ ಮುಳುಗಲೂ ಬಾರದು, ತೇಲಲೂ ಬಾರದು. ಅದಕ್ಕಿಂತ ಮೇಲೆ ಎಲ್ಲಿದ್ದರೂ ನೀರು ನಿಮ್ಮನ್ನು ಮೇಲಕ್ಕೇ ತಳ್ಳಬೇಕು. ಫ್ರೀಡೈವರ್‌ಗೆ ಪ್ರಜ್ಞೆ ತಪ್ಪುವುದು ಸಾಮಾನ್ಯವಾಗಿ ತಳದಲ್ಲಲ್ಲ. ಬರುತ್ತಾ ಬರುತ್ತಾ ಒತ್ತಡ ಇಳಿದ ಹಾಗೆ ಉಳಿದ ಆಮ್ಲಜನಕವೂ ಮೈಗೆ ಸಾಲದಾಗುತ್ತೆ. ಹಾಗಾಗಿ ಕೊನೆಯ 10 ಮೀಟರ್‌ನಲ್ಲಿ, ಇಲ್ಲವೇ ತಲೆ ಹೊರಗೆ ಬಂದ ಮೇಲೆ ತಪ್ಪುತ್ತೆ. ಆಗ ಮೈ ತಾನಾಗಿ ಮೇಲೆ ಬಂದರೆ ಜೊತೆಗಾರನಿಗೆ ಸಿಗುತ್ತೀರಿ.

ದಹಬ್‌ನಲ್ಲಿ 3 ಕಿಲೋದಿಂದ ಶುರು ಮಾಡಿ. ಸೂಟ್, ಮಾಸ್ಕ್, ಫಿನ್ಸ್ ಎಲ್ಲ ಹಾಕಿ ಹತ್ತು ನಿಮಿಷ ನೀರಲ್ಲಿ ಸುಮ್ನೆ ಈಜಿ. ಸೂಟಿನ ಟೋಪಿಯೊಳಗೆ, ಬೆನ್ನ ಗುಳಿಯಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಲಿ. ಆಮೇಲೆ ಹಗ್ಗ ಕಟ್ಟಿದ ಬೋಯ್ (ತೇಲುಬುರುಡೆ) ಪಕ್ಕದಲ್ಲಿ ಕೈಕಾಲು ಆಡಿಸದೆ ನೆಟ್ಟಗೆ ನಿಲ್ಲಿ. ಉಸಿರು ತುಂಬಿದಾಗ ನೀರು ಗಲ್ಲದ ಕೆಳಗಿರಬೇಕು. ಮಾಮೂಲಿಯಾಗಿ ಉಸಿರು ಬಿಟ್ಟಾಗ ಕಣ್ಣಿನ ಮಟ್ಟಕ್ಕೆ ಬಂದು ನಿಲ್ಲಲಿ. ನೆತ್ತಿ ಮುಳುಗಿದರೆ ಸೀಸ ತೆಗೆಯಿರಿ, ಚರ್ಚೆಯೇ ಇಲ್ಲ. ಇದು ಪಾಸಾದರೆ ಹಗ್ಗ ಹಿಡಿದು 10 ಮೀಟರ್‌ಗೆ ಇಳಿದು ಬೆರಳು ಸಡಿಲಿಸಿ. ಮೂರು ಎಣಿಸುವಷ್ಟರಲ್ಲಿ ಕೆಳಕ್ಕೆ ಜಾರಿದರೆ ಅರ್ಧ ಕಿಲೋ ಕಡಿಮೆ ಮಾಡಿ. ಬಲೂನಿನ ಹಾಗೆ ಮೇಲೆ ಹೊರಟರೆ ಅರ್ಧ ಕಿಲೋ ಸೇರಿಸಿ. ಇಷ್ಟೂ ಹೊತ್ತು ಮೇಲೊಬ್ಬ ನಿಮ್ಮನ್ನೇ ನೋಡುತ್ತಿರಬೇಕು.

ನೀವು 4 ಕಿಲೋದ ಆಸುಪಾಸು ಬಂದು ನಿಲ್ಲುತ್ತೀರಿ ಅಂತ ನನ್ನ ಅಂದಾಜು. ಇದರಲ್ಲಿ ಅರ್ಧ ಕಿಲೋದಷ್ಟು ಕೆಂಪು ಸಮುದ್ರದ ಉಪ್ಪಿನ ಪಾಲು. ಅಂಡಮಾನಿನ ನೀರಿಗಿಂತ ಅಲ್ಲಿ ಉಪ್ಪು ಜಾಸ್ತಿ, ಲೀಟರಿಗೆ 40 ಗ್ರಾಂ ಹತ್ತಿರ. ಮೊದಲ 5 ಮೀಟರ್ ಇಳಿಯಲು ಕಷ್ಟ ಅನ್ನಿಸುತ್ತೆ. ಅನ್ನಿಸಲಿ. ಅದಕ್ಕೆ ಡಕ್ ಡೈವ್, ಅಂದರೆ ಬಾತುಕೋಳಿಯ ಹಾಗೆ ತಲೆ ಕೆಳಗೆ ಮಾಡಿ ಮುಳುಗುವುದನ್ನು, ಚೆನ್ನಾಗಿ ಕಲಿಯಿರಿ, ಸೀಸ ಸೇರಿಸಬೇಡಿ.

ಪ್ರಶ್ನೆ: ಮೇಡಂ, ತಲೆ ಕೆಳಗಾದ ಕೂಡಲೇ ನನ್ನ ಬೆಲ್ಟ್ ಎದೆಗೆ ಜಾರುತ್ತೆ. ಬಿಗಿ ಮಾಡಿದರೆ ಹೊಟ್ಟೆ ಹಿಡಿದು ಉಸಿರು ಸರಿಯಾಗಿ ತಗೊಳ್ಳೋಕೆ ಆಗಲ್ಲ. ಏನು ಮಾಡಲಿ?
– ಮಂಗಳೂರಿನ ಓದುಗಿ

ನಿಮ್ಮದು ನೈಲಾನ್ ಪಟ್ಟಿ ಅಲ್ವಾ? ಅದನ್ನು ಸ್ಕೂಬಾದವರಿಗೇ ಬಿಡಿ. ಕೆಳಗೆ ಹೋದ ಹಾಗೆ ಹೊಟ್ಟೆ ಒಳಗೆ ಹೋಗುತ್ತೆ, ಸೂಟ್ ತೆಳ್ಳಗಾಗುತ್ತೆ, ನೈಲಾನ್ ಮಾತ್ರ ಇದ್ದಷ್ಟೇ ಇರುತ್ತೆ. ರಬ್ಬರ್ ಬೆಲ್ಟ್ ತಗೊಳ್ಳಿ. ಎಳೆದು ಕಟ್ಟಿದರೆ ಅದು ಮೈ ಜೊತೆಗೇ ಕುಗ್ಗುತ್ತೆ. ಕಟ್ಟುವ ಜಾಗ ಸೊಂಟವಲ್ಲ, ಅದಕ್ಕಿಂತ ಕೆಳಗೆ, ಸೀರೆಯ ನೆರಿಗೆಗಿಂತ ನಾಲ್ಕು ಬೆರಳು ಕೆಳಗೆ ಅಂದರೆ ನಿಮಗೆ ಗೊತ್ತಾಗುತ್ತೆ. ಇಕ್ಕೆಲದ ಮೂಳೆಯ ಮೇಲೆ ಕೂತರೆ ಹೊಟ್ಟೆಗೆ ಉಸಿರು ತುಂಬಲು ಜಾಗ ಸಿಗುತ್ತೆ. 2 ಕಿಲೋದ ಒಂದು ಸೀಸದ ಗಟ್ಟಿಗಿಂತ 1 ಕಿಲೋದ ಎರಡು ವಾಸಿ, ಎಡಬಲ ಸಮನಾಗಿ ಹಂಚಬಹುದು.

ಅಪಾಯ ಬಂದಾಗ ಬೆಲ್ಟ್ ಬಿಸಾಡಲು ಬಕಲ್ ಒಂದೇ ಕೈಯಲ್ಲಿ ಎಳೆದರೆ ಬಿಚ್ಚಬೇಕು. ಉಳಿದ ಬಾಲವನ್ನು ಅಂದಕ್ಕೆಂದು ಒಳಗೆ ಸಿಕ್ಕಿಸಬೇಡಿ, ಬಿಚ್ಚುವಾಗ ಅದೇ ಅಡ್ಡ ಬರೋದು. ದಂಡೆಯಲ್ಲಿ ಕಣ್ಣು ಮುಚ್ಚಿ ಹತ್ತು ಸಲ ಬಿಚ್ಚಿ ನೋಡಿ, ಜೊತೆಗಾರರಿಗೂ ತೋರಿಸಿ. ಬೆಲ್ಟ್ ಕಳೆದರೆ ದುಡ್ಡು ಹೋಯ್ತು ಅಂತ ಕೈ ಹಿಂದೆಗೆಯಬೇಡಿ.

ಪ್ರಶ್ನೆ: ನಮ್ಮ ಬಡಾವಣೆಯ ಈಜುಕೊಳದಲ್ಲೇ ಸೂಟ್ ಹಾಕಿ ತೂಕ ನೋಡಿಕೊಂಡು ಹೋಗಬಹುದಾ?
– ಮೈಸೂರಿನ ಓದುಗ

ನೀರಿನ ಮೇಲೆ ನೆಟ್ಟಗೆ ನಿಲ್ಲುವ ಪರೀಕ್ಷೆಯನ್ನಷ್ಟೇ ಮಾಡಬಹುದು. ಆದರೆ ಸಿಹಿನೀರಿಗಿಂತ ಸಮುದ್ರದ ನೀರು ಶೇ. 2.5ರಷ್ಟು ಸಾಂದ್ರ. 70–80 ಕಿಲೋ ತೂಗುವವರಿಗೆ ಸಮುದ್ರದಲ್ಲಿ ಸುಮಾರು 2 ಕಿಲೋ ಜಾಸ್ತಿ ಬೇಕಾಗುತ್ತೆ. ಸಮುದ್ರದ ಬೆಲ್ಟನ್ನೇ ಕಟ್ಟಿಕೊಂಡು ಕೊಳಕ್ಕೆ ಇಳಿದರೆ ಮಾತ್ರ ಕಷ್ಟ, ತಳಕ್ಕೆ ಕೂರುತ್ತೀರಿ. ಮತ್ತೆ, ಒಬ್ಬರೇ ಹೋಗಬೇಡಿ. ಕೊಳದ ಕಾವಲಿನವರಿಗೆ ನೀವು ಉಸಿರು ಹಿಡಿದಿದ್ದೀರೋ, ಪ್ರಜ್ಞೆ ತಪ್ಪಿದ್ದೀರೋ ಮೇಲಿನಿಂದ ಗೊತ್ತಾಗಲ್ಲ.

ಪ್ರಶ್ನೆ: ನಾನು ಸ್ವಲ್ಪ ದಪ್ಪ, 94 ಕಿಲೋ. ನನಗೆ ಸೀಸ ಬೇಡವೇ ಬೇಡ ಅಲ್ವಾ?
– ಹುಬ್ಬಳ್ಳಿಯ ಓದುಗ

ಉಲ್ಟಾ! ಕೊಬ್ಬು ತೇಲುತ್ತೆ, ಸಾರಿನ ಮೇಲಿನ ತುಪ್ಪದ ಹಾಗೆ. ಮುಳುಗುವುದು ಜಿಮ್‌ನಲ್ಲಿ ಬೆವರು ಸುರಿಸಿದ ತೆಳ್ಳಗಿನ ಹುಡುಗರು. ನಿಮಗೆ ಅವರಿಗಿಂತ ಒಂದೆರಡು ಕಿಲೋ ಜಾಸ್ತಿಯೇ ಬೇಕಾದೀತು. ಪರೀಕ್ಷೆ ಅದೇ.

ಪ್ರಶ್ನೆ: ನಾಲ್ಕು ವರ್ಷದಿಂದ ಅದೇ ಸೂಟ್, ಅದೇ 4 ಕಿಲೋ, ನನ್ನ ತೂಕವೂ ಅದೇ. ಈ ಸಲ ಯಾಕೋ ಹತ್ತುವುದು ಭಾರ ಅನ್ನಿಸಿತು. ವಯಸ್ಸಾಯ್ತಾ ಅಕ್ಕಾ?
– ಉಡುಪಿಯ ಓದುಗ

ವಯಸ್ಸಾದದ್ದು ಸೂಟಿಗೂ ಇರಬಹುದು. ಎಷ್ಟೋ ಸಲ ಒತ್ತಡಕ್ಕೆ ಸಿಕ್ಕಿ ಗಾಳಿಗುಳ್ಳೆಗಳು ಮತ್ತೆ ಉಬ್ಬದಷ್ಟು ಸೋತುಹೋಗುತ್ತವೆ. ಮೊಣಕಾಲು, ಭುಜದ ಹತ್ತಿರ ಬೆರಳಲ್ಲಿ ಹಿಚುಕಿ ನೋಡಿ, ಹಳೇ ಚಪ್ಪಲಿಯ ಹಿಮ್ಮಡಿ ಥರ ಚಪ್ಪಟೆಯಾಗಿರುತ್ತೆ. ಹಾಗಿದ್ದರೆ ತೇಲುವ ಶಕ್ತಿಯೂ ಹೋಗಿದೆ, ಬಿಸಿಯೂ ಹೋಗಿದೆ. 3 ಕಿಲೋದಿಂದ ಮತ್ತೆ ಪರೀಕ್ಷೆ ಮಾಡಿ. ನನ್ನ ಬೆಲ್ಟಿನ ಪ್ರತಿ ಗಟ್ಟಿಯ ಮೇಲೂ ಬಿಳಿ ಪೇಂಟಲ್ಲಿ ಸೂಟಿನ ಹೆಸರು, ವರ್ಷ ಬರೆದಿಟ್ಟಿದ್ದೇನೆ. ಹಳೇ ಸೂಟಿನ ಒಂದು ಗಟ್ಟಿ ಈಗ ಮನೆಯಲ್ಲಿ ಬಾಗಿಲು ಬಡಿಯದ ಹಾಗೆ ಕೂತಿದೆ.