ಸಂಪಾದಕರ ಉತ್ತರ: ಹೊಟ್ಟೆಗೆ ಹೆಚ್ಚು ಹೊತ್ತು ಆಧಾರವಾಗುವುದು ಯಾವುದು?

ಓದುಗರೊಬ್ಬರ ಪತ್ರ: "ಬೆಳಿಗ್ಗೆ ಎಂಟಕ್ಕೆ ಎರಡು ಹೋಳು ಬಿಳಿ ಬ್ರೆಡ್ಡಿಗೆ ಜಾಮ್ ಹಚ್ಚಿ ತಿಂದು, ದೊಡ್ಡ ಲೋಟದಲ್ಲಿ ಹಣ್ಣಿನ ಜ್ಯೂಸ್ ಕುಡಿದು ಕೆಲಸಕ್ಕೆ ಹೊರಡುತ್ತೇನೆ. ಹತ್ತೂವರೆಗೆಲ್ಲ ಹೊಟ್ಟೆ ಚುರುಗುಟ್ಟುತ್ತದೆ. ಊಟದ ಬಿಡುವು ಸಿಗುವುದು ಒಂದೂವರೆಗೆ. ಅಲ್ಲಿಯವರೆಗೆ ಯಾವುದರಲ್ಲೂ ಗಮನ ನಿಲ್ಲುವುದಿಲ್ಲ. ಜೊತೆಗೆ ಕೆಲಸ ಮಾಡುವವರೊಬ್ಬರು ಇದನ್ನೇ ತಿಂದು ಆರಾಮಾಗಿ ಇರುತ್ತಾರೆ. ನನಗೆ ಮನಸ್ಸಿನ ಹಿಡಿತ ಕಡಿಮೆಯೇ? ಏನು ತಿಂದರೆ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತೆ ಇರುತ್ತದೆ? ಬೆಣ್ಣೆ, ಎಣ್ಣೆ ಜಾಸ್ತಿ ಮಾಡಿಕೊಂಡರೆ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ?"

ನಮಸ್ಕಾರ.

ಮನಸ್ಸಿನ ಹಿಡಿತದ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ನಿಮ್ಮನ್ನು ಸುಮ್ನೆ ಕೊರೆಯುತ್ತಿದೆ. ನಿಮ್ಮ ಹಿಡಿತಕ್ಕೆ ಏನೂ ಆಗಿಲ್ಲ. ಒಂದೇ ತಿಂಡಿ ತಿಂದ ಇಬ್ಬರಿಗೆ ಬೇರೆ ಬೇರೆ ಹೊತ್ತಿಗೆ ಹಸಿವಾಗುವುದು ಸಹಜ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಮತ್ತು ಅವರ ಜೊತೆಗಾರರು ಸಾವಿರಕ್ಕೂ ಹೆಚ್ಚು ಜನರಲ್ಲಿ ಇದನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದರು. ಅಳೆದ ತಿಂಡಿ ಕೊಟ್ಟು, ಮೈಗೆ ಅಂಟಿಸಿದ ಸೆನ್ಸರ್‌ನಿಂದ ರಕ್ತದ ಸಕ್ಕರೆಯನ್ನು ನೋಡುತ್ತಾ ಹೋದರು. ತಿಂದ ಮೇಲೆ ಸಕ್ಕರೆ ಏರುತ್ತದೆ, ಆಮೇಲೆ ಇಳಿಯುತ್ತದೆ. ಕೆಲವರಲ್ಲಿ ಅದು ಎರಡು ಮೂರು ಗಂಟೆಯ ಹೊತ್ತಿಗೆ, ತಿಂಡಿಗೆ ಮೊದಲು ಇದ್ದ ಮಟ್ಟಕ್ಕಿಂತಲೂ ಕೆಳಗೆ ಹೋಗುತ್ತಿತ್ತು. ಹಾಗೆ ಜಾಸ್ತಿ ಇಳಿದವರಿಗೆ ಹಸಿವೂ ಜಾಸ್ತಿ. ಅವರು ಮುಂದಿನ ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಕೂರುತ್ತಿದ್ದರು, ಇಡೀ ದಿನದಲ್ಲಿ ಸುಮಾರು 300 ಕ್ಯಾಲೊರಿ ಹೆಚ್ಚು ತಿನ್ನುತ್ತಿದ್ದರು. ಎಂಟಕ್ಕೆ ತಿಂದ ನಿಮಗೆ ಹತ್ತೂವರೆಗೆ ಹಸಿವು. ಲೆಕ್ಕ ಹೊಂದುತ್ತದೆ, ಅಲ್ವಾ? ನಿಮ್ಮ ಸಹೋದ್ಯೋಗಿಗೆ ಅದೇ ಬ್ರೆಡ್ಡು ಸಾಕಾಗುತ್ತದೆ ಎಂದರೆ ಅವರು ನಿಮಗಿಂತ ಗಟ್ಟಿ ಮನಸ್ಸಿನವರು ಎಂದೇನೂ ಅಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇದನ್ನು ನೇರವಾಗಿ ಅಳೆದು ನೋಡಿದ ಪ್ರಯೋಗವೊಂದಿದೆ. 1995ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಸಂಗಡಿಗರು 38 ಬಗೆಯ ಆಹಾರಗಳನ್ನು ತೆಗೆದುಕೊಂಡರು. ಪ್ರತಿಯೊಂದನ್ನೂ ಸುಮಾರು 240 ಕ್ಯಾಲೊರಿ ಆಗುವಷ್ಟು ಕೊಟ್ಟು, ಎರಡು ಗಂಟೆ ಕಾಲ, ಕಾಲು ಗಂಟೆಗೊಮ್ಮೆ, ಹೊಟ್ಟೆ ಎಷ್ಟು ತುಂಬಿದಂತಿದೆ ಎಂದು ಕೇಳಿದರು. ಆಮೇಲೆ ಬೇಕಾದಷ್ಟು ತಿನ್ನಲು ಬಿಟ್ಟು, ಯಾರು ಎಷ್ಟು ತಿಂದರು ಎಂದು ನೋಡಿದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿದರು. ಎಲ್ಲಕ್ಕಿಂತ ಮೇಲೆ ಬಂದದ್ದು ಬೇಯಿಸಿದ ಆಲೂಗಡ್ಡೆ: 323. ಮೀನು 225, ಓಟ್ಸ್ ಗಂಜಿ 209, ಕಿತ್ತಳೆ 202, ಸೇಬು 197. ಗೋಮಾಂಸ 176, ಮೊಟ್ಟೆ 150. ಕೆಳಗಿನ ತುದಿಯಲ್ಲಿ ಕೇಕು 65, ಬೆಣ್ಣೆ ಹಾಕಿ ಪದರ ಪದರವಾಗಿ ಮಾಡುವ ಕ್ರೊಸಾಂ 47.

ಈ ಪಟ್ಟಿಯನ್ನು ಜನ ತುಂಬಾ ಹಂಚಿಕೊಂಡಿದ್ದಾರೆ. "ಆಲೂಗಡ್ಡೆ ತಿನ್ನಿ, ಹಸಿವೇ ಆಗುವುದಿಲ್ಲ" ಎಂಬ ಮಾತೂ ಇಲ್ಲಿಂದಲೇ ಹುಟ್ಟಿದೆ. ಅದನ್ನು ನಾನು ಒಪ್ಪುವುದಿಲ್ಲ. ಒಂದೊಂದು ಆಹಾರವನ್ನು ತಿಂದು ನೋಡಿದವರು 11ರಿಂದ 13 ಜನ ಮಾತ್ರ. ಅದಕ್ಕಿಂತ ಮುಖ್ಯವಾದದ್ದು, ಅಳೆದದ್ದು ಎರಡೇ ಗಂಟೆ. ನಿಮಗೆ ಬೇಕಾಗಿರುವುದು ಐದೂವರೆ ಗಂಟೆ. ಹೊಟ್ಟೆ ತುಂಬುವುದು ಒಂದು, ತುಂಬಿದ ಹೊಟ್ಟೆ ಊಟದವರೆಗೆ ತಡೆಯುವುದು ಇನ್ನೊಂದು. ಮೊದಲನೆಯದನ್ನು ಚೆನ್ನಾಗಿ ಮಾಡುವ ಆಹಾರ ಎರಡನೆಯದನ್ನೂ ಮಾಡುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಪಟ್ಟಿಯ ಅಂಕಿಗಳಿಗಿಂತ, ಮೇಲೆ ಬಂದವು ಏಕೆ ಮೇಲೆ ಬಂದವು ಎನ್ನುವುದನ್ನು ನೋಡಿ.

ಮೊದಲ ಕಾರಣ ತೂಕ. 240 ಕ್ಯಾಲೊರಿಗೆ ಬೇಯಿಸಿದ ಆಲೂಗಡ್ಡೆ ಸುಮಾರು 300 ಗ್ರಾಂ ಬೇಕು. ಕ್ರೊಸಾಂ 60 ಗ್ರಾಂ ಸಾಕು. ಆಲೂಗಡ್ಡೆಯ ಹೆಚ್ಚಿನ ಪಾಲು ನೀರು. ಹೊಟ್ಟೆಯ ಗೋಡೆ ಹಿಗ್ಗಿದಾಗ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಅವು ಲೆಕ್ಕ ಹಾಕುವುದು ಜಾಗವನ್ನು, ಕ್ಯಾಲೊರಿಯನ್ನಲ್ಲ. ಅದೇ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿದಾಗ ನೀರು ಹೋಗಿ ಎಣ್ಣೆ ಸೇರುತ್ತದೆ. ಕರಿದ ಆಲೂಗಡ್ಡೆಯ ತುಂಡುಗಳಿಗೆ ಆ ಪಟ್ಟಿಯಲ್ಲಿ ಸಿಕ್ಕಿದ್ದು 116.

ಹಾಗಾದರೆ ಊಟದ ಜೊತೆ ನೀರು ಕುಡಿದರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ತಂಡ 1999ರಲ್ಲಿ ಇದನ್ನೇ ಪರೀಕ್ಷಿಸಿತು. ಕೋಳಿ, ಅನ್ನ, ತರಕಾರಿ ಸೇರಿಸಿ ಬೇಯಿಸಿದ ಒಂದೇ ಪದಾರ್ಥ. ಒಂದು ಸಲ ಹಾಗೇ ಕೊಟ್ಟರು, ಒಂದು ಸಲ ಲೋಟದಲ್ಲಿ ನೀರಿನ ಜೊತೆ, ಇನ್ನೊಂದು ಸಲ ಅಷ್ಟೇ ನೀರನ್ನು ಅದರಲ್ಲೇ ಬೆರೆಸಿ ಸೂಪ್ ಮಾಡಿ. ಸೂಪ್ ಕುಡಿದವರು ಮುಂದಿನ ಊಟವನ್ನು ಕಡಿಮೆ ಮಾಡಿದರು. ಲೋಟದ ನೀರಿನಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಬರಿಯ ನೀರು ಹೊಟ್ಟೆಯಿಂದ ಬೇಗ ಜಾರಿಹೋಗುತ್ತದೆ. ಆಹಾರದೊಳಗೆ ಸೇರಿದ ನೀರು ಅದರ ಜೊತೆಗೇ ನಿಧಾನವಾಗಿ ಕೆಳಗಿಳಿಯುತ್ತದೆ.

ಎರಡನೆಯದು ನಾರು ಮತ್ತು ಅಗಿಯುವಿಕೆ. ನಿಮ್ಮ ಜ್ಯೂಸಿನ ಲೋಟದ ಕಾರಣಕ್ಕೆ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 1977ರಲ್ಲಿ ಬ್ರಿಟನ್ನಿನ ವೈದ್ಯರು ಸೇಬನ್ನು ಮೂರು ರೂಪದಲ್ಲಿ ಕೊಟ್ಟು ನೋಡಿದರು: ಇಡೀ ಹಣ್ಣು, ನುಣ್ಣಗೆ ಅರೆದದ್ದು, ನಾರು ತೆಗೆದ ರಸ. ಮೂರರಲ್ಲೂ ಸಕ್ಕರೆಯ ಪ್ರಮಾಣ ಒಂದೇ. ಹಣ್ಣನ್ನು ತಿಂದು ಮುಗಿಸಲು 17 ನಿಮಿಷ ಹಿಡಿಯಿತು, ಅರೆದದ್ದಕ್ಕೆ 6 ನಿಮಿಷ, ರಸಕ್ಕೆ ಒಂದೂವರೆ ನಿಮಿಷ. ಹೊಟ್ಟೆ ತುಂಬಿದ ತೃಪ್ತಿಯಲ್ಲಿ ಹಣ್ಣು ಮೊದಲು, ಅರೆದದ್ದು ಆಮೇಲೆ, ರಸ ಕೊನೆಗೆ. ರಸ ಕುಡಿದವರಲ್ಲಿ ಇನ್ಸುಲಿನ್ ಹೆಚ್ಚು ಏರಿತು, ಆಮೇಲೆ ರಕ್ತದ ಸಕ್ಕರೆ ಕುಸಿಯಿತು. ಇಡೀ ಹಣ್ಣು ತಿಂದಾಗ ಆ ಕುಸಿತ ಕಾಣಲಿಲ್ಲ. ನಿಮ್ಮ ಹತ್ತೂವರೆಯ ಹಸಿವಿಗೆ ಬ್ರೆಡ್ಡಿನಷ್ಟೇ ಈ ಲೋಟವೂ ಕಾರಣ ಎಂದು ನನ್ನ ಅನಿಸಿಕೆ. ಬದಲಾವಣೆಯನ್ನು ಇಲ್ಲಿಂದಲೇ ಶುರು ಮಾಡಿ. ಹಣ್ಣನ್ನು ಕುಡಿಯಬೇಡಿ, ತಿನ್ನಿ.

ಓಟ್ಸ್ ಮತ್ತು ಬಾರ್ಲಿಯಲ್ಲಿ ಬೀಟಾ ಗ್ಲುಕಾನ್ ಎಂಬ ನಾರು ಇದೆ. ಅದು ನೀರು ಹೀರಿ ಲೋಳೆಯಂತೆ ಗಟ್ಟಿಯಾಗಿ, ಹೊಟ್ಟೆ ಖಾಲಿಯಾಗುವುದನ್ನೂ ಸಕ್ಕರೆ ರಕ್ತಕ್ಕೆ ಸೇರುವುದನ್ನೂ ನಿಧಾನ ಮಾಡುತ್ತದೆ. ಆದರೆ ಪುಡಿ ಮಾಡಿ ಸಕ್ಕರೆ ಬೆರೆಸಿದ, ಬಿಸಿನೀರು ಹಾಕಿದರೆ ಸಾಕು ಎನ್ನುವ ಪೊಟ್ಟಣದ ಓಟ್ಸ್‌ನಿಂದ ಅಷ್ಟು ನಿರೀಕ್ಷಿಸಬೇಡಿ. ದಪ್ಪ ಕಾಳಿನದೇ ಒಳ್ಳೆಯದು.

ಮೂರನೆಯದು ಪ್ರೋಟೀನ್. ನಿಮ್ಮ ತಿಂಡಿಯಲ್ಲಿ ಹೆಚ್ಚುಕಡಿಮೆ ಇಲ್ಲದೇ ಇರುವುದು ಇದೇ. ಹೊಟ್ಟೆಯ ಹಿಗ್ಗುವಿಕೆ ಮೊದಲ ಒಂದೆರಡು ಗಂಟೆಯ ಕೆಲಸ ನೋಡಿಕೊಂಡರೆ, ಅದರಾಚೆಗೆ ತಡೆಯುವುದರಲ್ಲಿ ಪ್ರೋಟೀನಿನ ಪಾತ್ರ ದೊಡ್ಡದು. ಅದು ಕರುಳಿಗೆ ತಲುಪಿದಾಗ ಜಿಎಲ್‌ಪಿ-1, ಪಿವೈವೈ ಎಂಬ ಹಾರ್ಮೋನುಗಳು ಏರಿ, "ಸಾಕು" ಎಂಬ ಸೂಚನೆ ಮೆದುಳಿಗೆ ಹೋಗುತ್ತದೆ. ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ತಗ್ಗುತ್ತದೆ. 2005ರ ಒಂದು ಅಧ್ಯಯನದಲ್ಲಿ ತೂಕ ಹೆಚ್ಚಿದ್ದ ಹೆಂಗಸರಿಗೆ ಒಂದು ದಿನ ಮೊಟ್ಟೆಯ ತಿಂಡಿ, ಇನ್ನೊಂದು ದಿನ ಬ್ರೆಡ್ಡಿನಂಥ ಬೇಗಲ್ ತಿಂಡಿ ಕೊಟ್ಟರು. ಕ್ಯಾಲೊರಿ ಎರಡರಲ್ಲೂ ಒಂದೇ. ಮೊಟ್ಟೆ ತಿಂದ ದಿನ ಅವರು ಮಧ್ಯಾಹ್ನ ಕಡಿಮೆ ತಿಂದರು. ಆ ಪರಿಣಾಮ 36 ಗಂಟೆಯವರೆಗೂ ಕಂಡಿತು. ಮೊಟ್ಟೆ ತಿನ್ನದವರಿಗೆ ಕಾಳು, ಬೇಳೆ, ಗಟ್ಟಿ ಮೊಸರು, ಪನೀರು, ಸೋಯಾ ಇವೆ. ಕಾಳುಗಳ ಮೇಲೆ ನನಗೆ ವಿಶೇಷ ಒಲವು. ನೀರು, ನಾರು, ಪ್ರೋಟೀನ್ ಮೂರೂ ಒಂದೇ ಕಡೆ ಸಿಗುವುದು ಅಲ್ಲಿ.

ಇನ್ನು ಬೆಣ್ಣೆ, ಎಣ್ಣೆ. ನೀವು ಕೇಳಿದ ಆ ಮಾತಿನಲ್ಲಿ ಅರ್ಧ ನಿಜ ಇದೆ. ಕೊಬ್ಬು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ. ಆದರೆ ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲೊರಿ, ಪ್ರೋಟೀನ್ ಮತ್ತು ಪಿಷ್ಟದಲ್ಲಿ 4. ಅಷ್ಟೇ ಕ್ಯಾಲೊರಿಗೆ ಕೊಬ್ಬು ತುಂಬುವ ಜಾಗ ತೀರಾ ಕಡಿಮೆ. ಸಿಡ್ನಿಯ ಪ್ರಯೋಗದಲ್ಲಿ ಕೊಬ್ಬು ಹೆಚ್ಚಿದ್ದ ಆಹಾರಗಳಿಗೆ ಒಟ್ಟಾರೆ ಕಡಿಮೆ ಅಂಕ ಸಿಕ್ಕಿತು. ಬ್ರೆಡ್ಡಿಗೆ ಇನ್ನೊಂದು ಪದರ ಬೆಣ್ಣೆ ಹಚ್ಚಿದರೆ ಕ್ಯಾಲೊರಿ ಏರುತ್ತದೆ, ನೆಮ್ಮದಿ ಅಷ್ಟಾಗಿ ಏರುವುದಿಲ್ಲ. ಬಾದಾಮಿಯಂಥ ಬೀಜಗಳದ್ದು ಬೇರೆ. ಅವನ್ನು ಅಗಿಯಬೇಕು, ನಾರಿದೆ, ಪ್ರೋಟೀನ್ ಇದೆ. ಒಂದು ಹಿಡಿ ಸಾಕು.

ತಿನ್ನುವ ವೇಗವನ್ನೂ ಮರೆಯಬೇಡಿ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ತಂಡ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡಿತು. ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಪೊಟ್ಟಣದ ಆಹಾರ, ಎರಡು ವಾರ ಸಾದಾ ಅಡುಗೆ. ಎದುರಿಗಿಟ್ಟ ಸಕ್ಕರೆ, ಕೊಬ್ಬು, ನಾರು ಎರಡರಲ್ಲೂ ಸರಿಸಮ. ಆದರೂ ಪೊಟ್ಟಣದ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ತಿಂದ ವೇಗವೂ ಹೆಚ್ಚಿತ್ತು. ಕರುಳಿನಿಂದ ಸುದ್ದಿ ಬರಲು ಸ್ವಲ್ಪ ಹೊತ್ತು ಬೇಕು. ಮೆತ್ತಗಿದ್ದು ಬೇಗ ಗಂಟಲಿಳಿಯುವ ಆಹಾರ ಆ ಹೊತ್ತನ್ನು ಕೊಡುವುದಿಲ್ಲ.

ನಿದ್ದೆಯ ಬಗ್ಗೆ ನೀವು ಏನೂ ಬರೆದಿಲ್ಲ. ಆದರೂ ಕೇಳುತ್ತೇನೆ, ರಾತ್ರಿ ಸರಿಯಾಗಿ ಮಲಗುತ್ತೀರಾ? 2004ರಲ್ಲಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಾಗ, ಹಸಿವಿನ ಹಾರ್ಮೋನು ಗ್ರೆಲಿನ್ 28% ಏರಿತ್ತು. ನಿದ್ದೆಗೆಟ್ಟ ಮರುದಿನ ಯಾವ ತಿಂಡಿಯೂ ಸಾಲದು ಅನ್ನಿಸುವುದು ಬರೀ ಭ್ರಮೆಯಲ್ಲ.

ನಾಳೆ ಬೆಳಿಗ್ಗೆಗೆ ಹೀಗೆ ಮಾಡಿ ನೋಡಿ. ಜ್ಯೂಸ್ ಬಿಡಿ, ಇಡೀ ಹಣ್ಣು ಇಟ್ಟುಕೊಳ್ಳಿ. ಜಾಮಿನ ಜಾಗಕ್ಕೆ ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಬೇಯಿಸಿದ ಕಾಳು ಬರಲಿ. ಎರಡು ಮೊಟ್ಟೆಯಲ್ಲಿ ಸುಮಾರು 12 ಗ್ರಾಂ ಪ್ರೋಟೀನ್ ಇರುತ್ತದೆ. ಜೊತೆಗೊಂದು ಬಟ್ಟಲು ಮೊಸರು ಸೇರಿದರೆ ಇನ್ನೂ ಒಳ್ಳೆಯದು. ಬಿಳಿ ಬ್ರೆಡ್ಡಿನ ಬದಲು ಇಡೀ ಧಾನ್ಯದ್ದು, ಇಲ್ಲವೇ ಓಟ್ಸ್ ಗಂಜಿ. ಒಂದೆರಡು ವಾರ ಬಿಡದೆ ಮಾಡಿ, ಹಸಿವಾದ ಹೊತ್ತನ್ನು ಬರೆದಿಡಿ. ನಿಮ್ಮ ದೇಹಕ್ಕೆ ಯಾವುದು ಒಗ್ಗುತ್ತದೆ ಎಂದು ನಮ್ಮ ಯಾವ ಪಟ್ಟಿಗಿಂತಲೂ ಆ ಚೀಟಿ ಚೆನ್ನಾಗಿ ಹೇಳುತ್ತದೆ. ನಾರನ್ನು ಒಂದೇ ದಿನ ಜಾಸ್ತಿ ಮಾಡಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ನಿಧಾನವಾಗಿ ಏರಿಸಿ, ನೀರು ಸಾಕಷ್ಟು ಕುಡಿಯಿರಿ.

ಇಷ್ಟು ಮಾಡಿದ ಮೇಲೂ ಹನ್ನೆರಡಕ್ಕೆ ಹಸಿವಾದರೆ ಏನಾದರೂ ತಿನ್ನಿ. ಐದೂವರೆ ಗಂಟೆ ದೊಡ್ಡ ಅಂತರ, ಅಷ್ಟು ಹೊತ್ತು ತಡೆಯಲೇಬೇಕು ಎಂಬ ಕಟ್ಟುಪಾಡು ಎಲ್ಲೂ ಇಲ್ಲ. ಆದರೆ ಹಸಿವಿನ ಜೊತೆ ಕೈ ನಡುಕ, ಬೆವರು, ತಲೆ ಸುತ್ತು ಬರುತ್ತಿದ್ದರೆ, ಅಥವಾ ಬಾಯಾರಿಕೆ ಹೆಚ್ಚಾಗಿ, ಪದೇ ಪದೇ ಮೂತ್ರಕ್ಕೆ ಹೋಗಿ, ತೂಕ ಇಳಿಯುತ್ತಿದ್ದರೆ, ತಿಂಡಿ ಬದಲಾಯಿಸಿ ಕಾಯುತ್ತಾ ಕೂರಬೇಡಿ. ವೈದ್ಯರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ನಾನು ಮೇಲೆ ಹೇಳಿದ ಬದಲಾವಣೆಗಳನ್ನು ವೈದ್ಯರನ್ನು ಕೇಳಿಯೇ ಮಾಡಿಕೊಳ್ಳಬೇಕು.