ಮಂಡಿ ನೋವಿದ್ದರೂ ಮೆಲ್ಬರ್ನ್ ನೋಡಬಹುದಾ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಅವಳು ಕೆಲಸಕ್ಕೆ ಹೋದಾಗ ನಾವಿಬ್ಬರೇ ಊರು ಸುತ್ತಬೇಕು. ನನಗೆ ಮಂಡಿ ನೋವು. ಆಗುತ್ತಾ?
– ಗೃಹಿಣಿ, ಹಾಸನ

ಉತ್ತರ: ಖಂಡಿತ ಆಗುತ್ತೆ ಅಮ್ಮಾ. ಊರಿನ ನಡುಭಾಗದಲ್ಲಿ ಟ್ರಾಮ್ ಪುಕ್ಕಟೆ. ಆಚೆ ಹೋಗುವಾಗ ಮಾತ್ರ ಮೈಕಿ ಕಾರ್ಡ್ (ದುಡ್ಡು ತುಂಬಿಸಿಕೊಳ್ಳುವ ಟಿಕೆಟ್ ಕಾರ್ಡ್) ಬೇಕು. 35ನೇ ನಂಬರಿನ ಹಳೇ ಟ್ರಾಮ್ ಹತ್ತಿ, ಕಿಟಕಿ ಪಕ್ಕ ಸುಮ್ನೆ ಕೂತುಬಿಡಿ. ನಾನು ಹಾಗೇ ಎರಡು ಸುತ್ತು ಹಾಕಿದ್ದೆ.

1878ರಿಂದ ನಡೆಯುತ್ತಿರುವ ಕ್ವೀನ್ ವಿಕ್ಟೋರಿಯಾ ಮಾರ್ಕೆಟ್‌ಗೆ ಹೋಗಿ. ಸೋಮವಾರ, ಬುಧವಾರ ರಜೆ. ಅಲ್ಲಿ ಬಿಸಿ ಜಾಮ್ ಡೋನಟ್ ಸಿಗುತ್ತೆ. ಬೆರಳಿಗೆಲ್ಲ ಸಕ್ಕರೆ ಅಂಟುತ್ತೆ, ಒಳಗಿನ ಜಾಮ್ ನಾಲಿಗೆ ಸುಡುತ್ತೆ. ಸ್ವಲ್ಪ ಆರಿದ ಮೇಲೆ ತಿನ್ನಿ.

ಯಜಮಾನರಿಗೆ ಕ್ರಿಕೆಟ್ ಇಷ್ಟ ಅಲ್ವಾ? ಹಾಗಿದ್ದರೆ ಎಂಸಿಜಿ, ಅಂದರೆ ಮೆಲ್ಬರ್ನ್ ಕ್ರಿಕೆಟ್ ಮೈದಾನ, ತಪ್ಪಿಸಬೇಡಿ. 1977-78ರ ಪ್ರವಾಸದಲ್ಲಿ ನಮ್ಮ ಮೈಸೂರಿನ ಸ್ಪಿನ್ ಬೌಲರ್ ಚಂದ್ರಶೇಖರ್ ಅಲ್ಲಿ ಎರಡೂ ಇನಿಂಗ್ಸ್‌ನಲ್ಲಿ ತಲಾ 52 ರನ್‌ಗೆ 6 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು. ಆ ಹುಲ್ಲು ನೋಡಿ ನನ್ನ ಕಣ್ಣು ತುಂಬಿತ್ತು.

ಬೇಸಿಗೆಯಾದರೂ ಸ್ವೆಟರ್ ಇರಲಿ. ಮಧ್ಯಾಹ್ನದ ಸೆಕೆ ಸಂಜೆಗೆ ಚಳಿಗಾಳಿಯಾಗುತ್ತೆ. ಚಟ್ನಿಪುಡಿ, ಉಪ್ಪಿನಕಾಯಿ ಒಯ್ಯುತ್ತೀರಾದರೆ ವಿಮಾನದಲ್ಲಿ ಕೊಡುವ ಕಾರ್ಡ್‌ನಲ್ಲಿ ಮರೆಯದೆ ಬರೆಯಿರಿ. ಮುಚ್ಚಿಟ್ಟರೆ ದಂಡ ಜಾಸ್ತಿ.