ಹಾರ್ಮೋನು ಬರುವ ಮುನ್ನ ಗ್ರಾಹಕದ ಕೆಲಸವೇನು?

ಪ್ರಶ್ನೆ: ಥೈರಾಯ್ಡ್ ಗ್ರಂಥಿಯನ್ನು ತೆಗೆದರೆ ಗೊದಮೊಟ್ಟೆ ಕಪ್ಪೆಯಾಗುವುದಿಲ್ಲ ಎಂದು ಓದಿದ್ದೇನೆ. ಆ ಗ್ರಂಥಿಯ ಹಾರ್ಮೋನು ಅಂಟಿಕೊಳ್ಳುವ ಪ್ರೋಟೀನನ್ನು, ಅಂದರೆ ಅದರ ಗ್ರಾಹಕವನ್ನು, ಇಲ್ಲವಾಗಿಸಿದರೂ ಹಾಗೆಯೇ ಆಗಬೇಕಲ್ಲವೇ? ಆದರೆ ಆಲ್ಫಾ ಎಂಬ ಗ್ರಾಹಕವಿಲ್ಲದ ಗೊದಮೊಟ್ಟೆಗಳಲ್ಲಿ ಹಿಂಗಾಲು ಬೇಗ ಮೂಡಿತಂತೆ. ಇದು ಹೇಗೆ?

ಉತ್ತರ: ನೀವು ಓದಿದ ಎರಡು ಸಂಗತಿಗಳೂ ನಿಜ. ಕುದುರೆಯ ಥೈರಾಯ್ಡ್ ತಿನ್ನಿಸಿದ ಗೊದಮೊಟ್ಟೆಗಳು ಅಕಾಲದಲ್ಲಿ ಪುಟ್ಟ ಕಪ್ಪೆಗಳಾದುದನ್ನು ವಿಜ್ಞಾನಿ ಗುಡರ್‌ನಾಚ್ 1912ರಲ್ಲಿ ವರದಿ ಮಾಡಿದರು. ಗ್ರಂಥಿ ತೆಗೆದವು ಗೊದಮೊಟ್ಟೆಗಳಾಗಿಯೇ ಉಳಿದುದನ್ನು ಇನ್ನೊಬ್ಬ ವಿಜ್ಞಾನಿ ಆಲೆನ್ 1916ರಲ್ಲಿ ತೋರಿಸಿದರು.

ನಮ್ಮನ್ನು ದಾರಿ ತಪ್ಪಿಸುವುದು ‘ಗ್ರಾಹಕ’ ಎಂಬ ಪದವೇ ಎಂದು ನನಗೆ ಅನ್ನಿಸುತ್ತದೆ. ಕೊಟ್ಟದ್ದನ್ನು ಪಡೆಯುವುದಷ್ಟೇ ಅದರ ಕೆಲಸ, ಅಲ್ಲಿಯವರೆಗೆ ಅದು ಸುಮ್ಮನಿರುತ್ತದೆ ಎಂಬ ಭಾವನೆ ಆ ಪದದಿಂದ ಬರುತ್ತದೆ. ವಾಸ್ತವವಾಗಿ, ಗೊದಮೊಟ್ಟೆಯ ರಕ್ತದಲ್ಲಿ ಹಾರ್ಮೋನು ಇನ್ನೂ ಇಲ್ಲವೆನ್ನುವಷ್ಟು ಕಡಿಮೆಯಿರುವಾಗಲೇ ಆಲ್ಫಾ ಗ್ರಾಹಕವು ಆರ್‌ಎಕ್ಸ್‌ಆರ್ ಎಂಬ ಜೊತೆಗಾರ ಪ್ರೋಟೀನಿನೊಂದಿಗೆ ಡಿಎನ್‌ಎ ಮೇಲೆ ಕುಳಿತು, ಎನ್‌-ಕಾರ್ ಮುಂತಾದ, ಜೀನುಗಳನ್ನು ಅದುಮಿಡುವ ದಮನಕಾರಿ ಪ್ರೋಟೀನುಗಳನ್ನು ತನ್ನತ್ತ ಸೆಳೆದಿರುತ್ತದೆ. ಅವುಗಳೊಡನೆ ಬರುವ ಕಿಣ್ವವೊಂದು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನು ಎಂಬ ಪ್ರೋಟೀನುಗಳಿಂದ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪುಗಳನ್ನು ಕಿತ್ತುಹಾಕುವುದರಿಂದ ಸುರುಳಿ ಬಿಗಿಯಾಗಿ, ರೂಪಪರಿವರ್ತನೆಯ ಜೀನುಗಳು ಅದುಮಿಟ್ಟಂತೆ ಉಳಿಯುತ್ತವೆ. ಗೊದಮೊಟ್ಟೆ ತಿಂದು ಬೆಳೆಯುವುದಕ್ಕೆ ಈ ಬಿಡುವು ಬೇಕೇ ಬೇಕು. ಹಾರ್ಮೋನು ಬಂದು ಅಂಟಿಕೊಂಡೊಡನೆ ಗ್ರಾಹಕದ ಬಾಲದಂತಹ ತುದಿ ಮಡಚಿಕೊಂಡು ಅದರ ಮೈ ಬದಲಾಗುತ್ತದೆ. ದಮನಕಾರಿಗಳು ಕಳಚಿಬೀಳುತ್ತವೆ, ಅಸಿಟೈಲ್ ಸೇರಿಸುವ ಪಿ300ರಂತಹ ಪ್ರೋಟೀನುಗಳು ಬಂದು ಕೂರುತ್ತವೆ. ಜೀನನ್ನು ಅದುಮಿದ ಗ್ರಾಹಕವೇ, ಕುಳಿತ ಜಾಗದಿಂದ ಕದಲದೆ, ಅದನ್ನು ಎಬ್ಬಿಸುತ್ತದೆ.

ಆದ್ದರಿಂದ ಗ್ರಂಥಿಯನ್ನು ತೆಗೆಯುವುದೂ ಗ್ರಾಹಕವನ್ನು ತೆಗೆಯುವುದೂ ಒಂದೇ ಅಲ್ಲ. ಗ್ರಂಥಿಯಿಲ್ಲದ ಮರಿಯಲ್ಲಿ ತಡೆ ಹಾಗೆಯೇ ಉಳಿಯುತ್ತದೆ. ಗ್ರಾಹಕವಿಲ್ಲದ ಮರಿಯಲ್ಲಿ ತಡೆಯುವವರೇ ಇರುವುದಿಲ್ಲ. ಆಫ್ರಿಕಾದ ಝೆನೋಪಸ್ ಟ್ರಾಪಿಕಾಲಿಸ್ ಕಪ್ಪೆಯಲ್ಲಿ ಆಲ್ಫಾ ಗ್ರಾಹಕದ ಜೀನನ್ನು ಕೆಡಿಸಿದ ಪ್ರಯೋಗಗಳಲ್ಲಿ ಹಿಂಗಾಲು ಬೇಗ ಬೆಳೆದದ್ದು ಇದೇ ಕಾರಣಕ್ಕೆ. ಆದರೆ ಆ ಮರಿಗಳಿಗೆ ಹೊರಗಿನಿಂದ ಹಾರ್ಮೋನು ಕೊಟ್ಟಾಗ ಅವುಗಳ ಪ್ರತಿಕ್ರಿಯೆ ಮಂದವಾಗಿತ್ತು ಎಂಬುದನ್ನು ಮರೆಯಬಾರದು.

ಆಲ್ಫಾ ಮತ್ತು ಅದೇ ಹಾರ್ಮೋನಿನ ಇನ್ನೊಂದು ಗ್ರಾಹಕವಾದ ಬೀಟಾ ಎರಡನ್ನೂ ತೆಗೆದ ಗೊದಮೊಟ್ಟೆಗಳ ಸ್ಥಿತಿ ಇನ್ನೂ ಸ್ಪಷ್ಟ. ಅವುಗಳಿಗೆ ಕಾಲು ಮೂಡುತ್ತದೆ, ಆದರೆ ಕಿವಿರೂ ಬಾಲವೂ ಕರಗುವುದಿಲ್ಲ. ಪರಿವರ್ತನೆಯ ಉತ್ತುಂಗದಲ್ಲಿ ಅವು ಸಾಯುತ್ತವೆ. ಕಾಲಿಗೆ ತಡೆ ಸರಿದರೆ ಬಹುಮಟ್ಟಿಗೆ ಸಾಕು. ಬಾಲ ಕರಗಲು ಹಾರ್ಮೋನು ಹೊತ್ತ ಗ್ರಾಹಕವೇ ಬೇಕು.